ತಾಮ್ರದ ಪಾಯಪ್ಪ, ರಬ್ಬರಿನ ಗುರಲಿಂಗ

ಸಾಂಗ್ಲಿಯ ಅರಿಷಿಣ ಮಾರುವ ಹಳದಿ ಪೇಟೆಯ ಹಿಂದಿದ್ದ ಬಾಳಾಸಾಹೇಬರ ಮೋಟಾರು ರಿಪೇರಿ ಅಂಗಡಿಗೆ ಸೇರಿದ ಹೊಸದರಲ್ಲಿ ಗುರಲಿಂಗ ಒಂದು ಸಂಶೋಧನೆ ಮಾಡಿದ. ಪೆಟ್ರೋಲಿನಲ್ಲೂ ಜೀವಜಂತುಗಳಿರುತ್ತವೆ ಎಂಬುದು ಆ ಸಂಶೋಧನೆ. ಅದಕ್ಕೆ ಅವನಿಗಿದ್ದ ಆಧಾರ, ಅಂಗಡಿಯ ಹಿರಿಯ ಕೆಲಸಗಾರ ಪಾಯಪ್ಪ. ಪಾಯಪ್ಪ ಸಮಡೋಳಿಯ ಜೈನ. ಎರಡು ಪದರದ ಬಟ್ಟೆಯಲ್ಲಿ ಸೋಸದ ನೀರನ್ನು ಬಾಯಿಗೆ ಮುಟ್ಟಿಸುವವನಲ್ಲ. ಅಂಗಡಿಯಲ್ಲೂ ಅವನು ಡಬ್ಬಿಯ ಪೆಟ್ರೋಲನ್ನು ಹಳೇ ಧೋತರದ ಎರಡು ಪದರದಲ್ಲಿ ಸೋಸಿಯೇ ಗಾಡಿಯ ಟಾಕಿಗೆ ಹಾಕುತ್ತಿದ್ದ. ಸೋಸಿದ ಮೇಲೆ ಆ ಬಟ್ಟೆಯನ್ನು ಕೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡು ಅಂಗಳದ ಮೂಲೆಗೆ ಹೋಗಿ ಮೆಲ್ಲಗೆ ಝಾಡಿಸಿ ಬರುತ್ತಿದ್ದ. ಗುರಲಿಂಗ ಇದನ್ನು ಮೂರು ದಿನ ಕಣ್ಣು ಕಿರಿದು ಮಾಡಿ ನೋಡಿದ. ನಾಲ್ಕನೆಯ ದಿನ ಎದುರಿನ ಚಹಾದ ಅಂಗಡಿಯಲ್ಲಿ ಕೂತು, ಅಹಿಂಸೆ ಅಂದರೆ ಹೀಗಿರಬೇಕು, ಪೆಟ್ರೋಲಿನ ಹುಳಕ್ಕೂ ಜೀವದಾನ ಮಾಡುವ ಪುಣ್ಯಾತ್ಮ ನಮ್ಮ ಅಂಗಡಿಯಲ್ಲಿದ್ದಾನೆ ಎಂದು ವ್ಯಾಖ್ಯಾನ ಕೊಟ್ಟ. ಕೇಳಿದವರಲ್ಲಿ ಇಬ್ಬರು ನಂಬಿದರು. ಉಳಿದವರು ನಂಬಿದಂತೆ ಮಾಡಿದರು, ಅದು ಇನ್ನೂ ಕೆಟ್ಟದ್ದು.

ವಾರ ಕಳೆಯುವುದರೊಳಗೆ ಪಕ್ಕದ ದರ್ಜಿ ಅಂಗಡಿಗೇ ಬಂದು, ಪೆಟ್ರೋಲಿನ ಹುಳಕ್ಕೆ ಕಾಲು ನಾಲ್ಕೋ ಆರೋ ಎಂದು ಪಾಯಪ್ಪನನ್ನೇ ಕೇಳಿದ. ಪಾಯಪ್ಪ ದರ್ಜಿಯ ಮುಖ ನೋಡಿದ, ಆಮೇಲೆ ಗುರಲಿಂಗನ ಮುಖ ನೋಡಿದ, ಅವನನ್ನು ಹತ್ತಿರ ಕರೆದು ಬಟ್ಟೆಯನ್ನು ಅಂಗೈ ಮೇಲೆ ಬಿಡಿಸಿ ತೋರಿಸಿದ. ತುಕ್ಕಿನ ಕೆಂಪು ಪುಡಿ, ಎರಡು ಮರಳಿನ ಹರಳು, ಒಂದು ನೂಲಿನ ಎಳೆ.

“ಇದು ಜೀವ ಅಲ್ಲಪಾ, ಡಬ್ಬಿ ಜಂಗು. ಇದು ಒಳಗ ಹೊಕ್ಕರ ಜೀವಾ ಹೋಗೂದು ಗಾಡೀದು.”

ಅಂಗಡಿಯೆಲ್ಲ ನಕ್ಕಿತು. ಪಾಯಪ್ಪ ಒಬ್ಬ ನಗಲಿಲ್ಲ. ಅವನೂ ನಕ್ಕಿದ್ದರೆ ಗುರಲಿಂಗ ಅವತ್ತೇ ಮರೆತುಬಿಡುತ್ತಿದ್ದನೇನೋ. ನಗದೇ ಇದ್ದದ್ದರಿಂದ ಅವನ ಹೊಟ್ಟೆಯೊಳಗೆ ಸಣ್ಣದೊಂದು ಒಲೆ ಹೊತ್ತಿಕೊಂಡಿತು. ಮುಂದಿನ ಎರಡು ವರ್ಷ ಅದಕ್ಕೆ ಕಟ್ಟಿಗೆ ಕೊರತೆಯಾಗಲಿಲ್ಲ.

ಗುರಲಿಂಗನ ಬಗ್ಗೆಯೂ ನಾಲ್ಕು ಮಾತು ಹೇಳಬೇಕು, ಹೆಚ್ಚು ಹೇಳಿದರೆ ಅವನಿಗೇ ನಾಚಿಕೆ. ಸಾಂಗ್ಲಿಯ ಲಿಂಗಾಯತ ವ್ಯಾಪಾರಸ್ಥರ ಮನೆತನ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಸಿಟ್ಟು ಬಂದಾಗ ಎರಡೂ. ಮರಾಠಿ ಏಳನೆಯ ಫೈನಲ್ ಪಾಸಾಗಿದ್ದ. ಅದನ್ನು ಯಾರೂ ಕೇಳದೇ ಇದ್ದರೂ ಹೇಳುತ್ತಿದ್ದ. ಸೋದರಮಾವ ರೇವಪ್ಪನ ಹಳದಿ ಅಂಗಡಿಯಲ್ಲಿ ಒಂದು ವರ್ಷ ತಕ್ಕಡಿ ಹಿಡಿದ; ವರ್ಷದ ಕೊನೆಗೆ ಮಾವ ಅವನನ್ನು ಪಕ್ಕಕ್ಕೆ ಕೂಡಿಸಿಕೊಂಡು, ನಿನ್ನ ಕೈಗೆ ತಕ್ಕಡಿಗಿಂತ ಪಾನಾ ಚಲೋ ಹೊಂದೀತು ಎಂದು ಬಹಳ ಪ್ರೀತಿಯಿಂದ ಹೊರಗೆ ಹಾಕಿದ. ಹಾಗೆ ಅವನು ಪಾನಾ ಹಿಡಿದು ಬೋಲ್ಟು ಬಿಚ್ಚುವ ಕೂಲಿಯವನಾದ. ಇಪ್ಪತ್ತೆರಡು ವಯಸ್ಸು, ಮುಖದ ಮೇಲೆ ಕಾಯಂ ಒಂದು ಗ್ರೀಸಿನ ಗೆರೆ, ತಲೆಯಲ್ಲಿ ಕಾಯಂ ಒಂದು ಲೆಕ್ಕ: ಇವತ್ತು ಪಾಯಪ್ಪನಿಗೆ ಎಷ್ಟು ಮಂದಿ ‘ರಿ’ ಹಚ್ಚಿ ಮಾತಾಡಿಸಿದರು, ತನಗೆ ಎಷ್ಟು.

ತನ್ನ ಪಾಲಿಗೆ ಬರುತ್ತಿದ್ದುದು ಬರೀ ‘ಲೇ’. ಲೇ ಗುರಲಿಂಗ, ಆ ಜಾಕ್ ತಾ. ಲೇ ಗುರಲಿಂಗ, ನೀರು ಹಾಕು. ಪಾಯಪ್ಪನಿಗಾದರೆ ಬರ್ರಿ ಪಾಯಪ್ಪಾ, ಕುಂದ್ರಿ ಪಾಯಪ್ಪಾ. ಅವನೇನು ಮಹಾ ಓದಿದವನೇ? ಸಹಿ ಮಾಡಲು ಬರುತ್ತಿತ್ತು, ಅಷ್ಟೆ. ಸಮಡೋಳಿಯಲ್ಲಿ ನಾಲ್ಕು ಎಕರೆ ಹೊಲ, ಕೃಷ್ಣೆಯ ದಂಡೆಯಲ್ಲಿ ಯಾರದೋ ನೀರೆತ್ತುವ ಎಣ್ಣೆ ಇಂಜಿನ್ ಕಾಯುತ್ತ ಕಾಯುತ್ತ ಕಲಿತ ಕೆಲಸ. ದಿನಾ ಬೆಳಿಗ್ಗೆ ಸೈಕಲ್ ಹೊಡೆದುಕೊಂಡು ಸಾಂಗ್ಲಿವಾಡಿ ದಾಟಿ ಸೇತುವೆ ಮೇಲಿಂದ ಬರುತ್ತಿದ್ದ, ಸೊಂಟ ನೆಟ್ಟಗೆ, ಎರಡೂ ಕಾಲು ಒಂದೇ ತೂಕದಲ್ಲಿ ತುಳಿಯುತ್ತ, ಯಾರೋ ಹಿಂದಿನಿಂದ ಭಾವಚಿತ್ರ ತೆಗೆಯುತ್ತಿದ್ದಾರೇನೋ ಎಂಬಂತೆ. ಹೊತ್ತು ಮುಳುಗುವ ಮೊದಲು ಊಟ ಮುಗಿಸಬೇಕಾದವನು, ಹಾಗಾಗಿ ಐದಕ್ಕೆ ಕೈ ತೊಳೆದುಬಿಡುತ್ತಿದ್ದ. ಎಂಥ ದೊಡ್ಡ ಸಾವುಕಾರನ ಗಾಡಿ ಬಂದಿರಲಿ, ಐದಾದರೆ ಅದು ನಾಳಿನದು. ಗುರಲಿಂಗ ಏಳು ಗಂಟೆಯವರೆಗೆ ನೆಲ ಗುಡಿಸುತ್ತ, ಧರ್ಮ ಅನ್ನುವುದು ಕೆಲವರಿಗೆ ಎಷ್ಟು ಅನುಕೂಲವಾಗಿ ಹೊಂದಿಕೊಳ್ಳುತ್ತದೆ ಎಂದು ತತ್ವವಿಚಾರ ಮಾಡುತ್ತಿದ್ದ.

ಮನೆಗೆ ಹೋದರೂ ಬಿಡುಗಡೆಯಿರಲಿಲ್ಲ. ಒಂದು ಸಲ ಪಾಯಪ್ಪ ಹೋಗುವ ದಾರಿಯಲ್ಲಿ ಗುರಲಿಂಗನ ತಾಯಿ ನೀಲಗಂಗವ್ವನ ಸ್ಟೋವು ನೋಡಿ, ಒಂದು ಸೂಜಿ ಚುಚ್ಚಿ ಸರಿಮಾಡಿ ಕೊಟ್ಟಿದ್ದ. ಅದೇ ಸ್ಟೋವನ್ನು ಗುರಲಿಂಗ ಎರಡು ರವಿವಾರ ಬಿಚ್ಚಿ ಜೋಡಿಸಿ, ಮೂರು ತುಣುಕು ಉಳಿಸಿದ್ದ. ಅಂದಿನಿಂದ ಅವ್ವ ಚಹಾ ಕಾಸುವಾಗೆಲ್ಲ ಆ ಪಾಯಪ್ಪ ಎಷ್ಟು ಸಾವಕಾಶ ಮಾತಾಡುತ್ತಾನೆ, ಎಷ್ಟು ಸ್ವಚ್ಛ ಕೈ ಅವನದು ಎಂದು ಉರಿಯನ್ನು ನೋಡುತ್ತ ಹೇಳುತ್ತಿದ್ದಳು. ಗುರಲಿಂಗನಿಗೆ ಆ ಚಹಾ ಎಂದೂ ಸಿಹಿ ಅನ್ನಿಸಲಿಲ್ಲ.

ಇಷ್ಟರಲ್ಲಿ ಮಿರಜದ ಮಾತು ಬಂತು.

ಮಿರಜದ ಪೇಟೆಯಲ್ಲಿ ಬೆಲ್ಲದ ಅಡತಿ ವ್ಯಾಪಾರಿ ಶಿವಲಿಂಗಪ್ಪನವರಿದ್ದರು. ಸ್ಟೇಷನ್ ರಸ್ತೆಗೆ ಅವರದೊಂದು ಗೋದಾಮು; ಅದರ ಮುಂದಿನ ಖೋಲಿಯನ್ನು ಬಾಳಾಸಾಹೇಬರಿಗೆ ಕೊಟ್ಟು ಅಲ್ಲೊಂದು ಎರಡನೆಯ ರಿಪೇರಿ ಅಂಗಡಿ ತೆರೆಯುವುದೆಂದು ಇಬ್ಬರೂ ಮಾತಾಡಿಕೊಂಡರು. ಸಾಂಗ್ಲಿಯಿಂದ ಮಿರಜಕ್ಕೆ ಆರು ಮೈಲಿ, ಆದರೆ ಅದು ಬೇರೆ ಸಂಸ್ಥಾನ, ನಡುವೆ ಸುಂಕ ವಸೂಲಿಯ ಜಕಾತಿ ನಾಕಾ, ಬೇರೆ ರಾಜರು, ಬೇರೆ ಗತ್ತು. ಬಾಳಾಸಾಹೇಬರು ಎರಡೂ ಕಡೆ ಕೂರಲಾರರು. ಮಿರಜದಲ್ಲಿ ಒಬ್ಬ ಮೇಸ್ತ್ರಿ ಬೇಕು. ಹಲಗೆಯ ಮೇಲೆ ಮಾಲೀಕರ ಹೆಸರಿನ ಕೆಳಗೆ ಅವನ ಹೆಸರೂ ಬರುತ್ತದೆ.

ಗುರಲಿಂಗನಿಗೆ ಅಂದಿನಿಂದ ನಿದ್ದೆಯಲ್ಲೂ ಆ ಹಲಗೆ ಕಾಣತೊಡಗಿತು. ಮೇಸ್ತ್ರಿ ಅಂದರೆ ‘ರಿ’ ತಾನಾಗೇ ಹಚ್ಚಿಕೊಂಡು ಬರುತ್ತದೆ. ಮೇಸ್ತ್ರಿಗೆ ಯಾರಾದರೂ ಲೇ ಅಂತಾರೆಯೇ? ಅಂಗಡಿಯಲ್ಲಿ ಕೈಗಳಿದ್ದುದು ಎರಡೇ, ಪಾಯಪ್ಪನದು ಮತ್ತು ತನ್ನದು. ಪಾಯಪ್ಪ ಸಮಡೋಳಿಯ ಹೊಲ ಬಿಟ್ಟು ಅಷ್ಟು ದೂರ ಬರುವವನಲ್ಲ, ಅವನಿಗೆ ಆಸೆಯೂ ಇರಲಾರದು, ಆಸೆ ಗೆದ್ದವರ ಮತ ಅವರದು ಎಂದು ಗುರಲಿಂಗ ತನ್ನಷ್ಟಕ್ಕೆ ಒಂದು ತೀರ್ಪು ಬರೆದುಕೊಂಡ. ಪಾಯಪ್ಪನೂ ಮಿರಜದ ಬಗ್ಗೆ ತುಟಿ ಬಿಚ್ಚಲಿಲ್ಲ. ಆದರೆ ಬಾಳಾಸಾಹೇಬರು ಆಗಾಗ ಪಾಯಪ್ಪನ ಕಡೆ ನೋಡಿ ಏನೋ ಯೋಚಿಸುವುದನ್ನು ಕಂಡಾಗ ಒಲೆ ಭಗ್ಗನೆ ಎದ್ದೇಳುತ್ತಿತ್ತು.

ತೀರ್ಮಾನವಾಗುವ ಮೊದಲೇ ಶಿವಲಿಂಗಪ್ಪನವರ ಮೋಟಾರ್ ಸೈಕಲ್ಲು ಬಂತು. ರೇಲ್ವೆಯ ಸಾಹೇಬನೊಬ್ಬ ವಿಲಾಯತಿಗೆ ಹೋಗುವಾಗ ಮಾರಿಹೋದದ್ದು, ಹದಿನೆಂಟು ವರ್ಷದ್ದು. ಅದನ್ನು ಎಲ್ಲರೂ ಮುದುಕಿ ಅನ್ನುತ್ತಿದ್ದರು. ಶಿವಲಿಂಗಪ್ಪನವರಿಗೆ ಓಡಿಸಲು ಬಾರದು, ಹಿಂದೆ ಕೂರಲು ಮಾತ್ರ ಬರುತ್ತಿತ್ತು, ಅದೂ ರುಮಾಲು ಬಿಗಿದುಕೊಂಡು. ಮುದುಕಿಯ ರೋಗ ಸಣ್ಣದು. ಟಾಕಿಯ ಕೆಳಗಿನ ನಲ್ಲಿಯಿಂದ ಇಂಜಿನ್ನಿನ ಕಾರ್ಬೋರೇಟರಿಗೆ ಪೆಟ್ರೋಲು ಇಳಿಯುವ ತಾಮ್ರದ ಪೈಪು, ಕಿರುಬೆರಳಿಗಿಂತ ತೆಳ್ಳಗಿನದು, ನಲ್ಲಿಯ ಹತ್ತಿರ ಸೀಳಿತ್ತು. ಎರಡು ಸಲ ಬೆಸುಗೆ ಹಾಕಿ ಆಗಿತ್ತು, ಮೂರನೆಯ ಬೆಸುಗೆಗೆ ಅಲ್ಲಿ ತಾಮ್ರವೇ ಉಳಿದಿರಲಿಲ್ಲ. ಯುದ್ಧದ ನಾಲ್ಕನೆಯ ವರ್ಷ ಅದು. ಪೆಟ್ರೋಲಿಗೇ ಕೂಪನ್ನು, ಇನ್ನು ವಿಲಾಯತಿಯ ಪೈಪು ಎಲ್ಲಿಂದ? ಮುಂಬಯಿಗೆ ಬರೆದ ಕಾಗದಕ್ಕೆ ಲಡಾಯಿ ಮುಗಿಯಲಿ ಎಂದು ಉತ್ತರ ಬಂದಿತ್ತು.

ಶಿವಲಿಂಗಪ್ಪನವರು ಕಟ್ಟಿಗೆಯ ಬಾಕಿನ ಮೇಲೆ ಕೂತು ಮಾತು ಸ್ಪಷ್ಟ ಮಾಡಿದರು. ಶುಕ್ರವಾರ ತಾವು ಮ್ಹೈಸಾಳಕ್ಕೆ ಕಬ್ಬಿನ ಗಾಣದವರನ್ನು ನೋಡಲು ಹೋಗಬೇಕು. ಮುದುಕಿ ಒಂದು ಹನಿ ಸೋರದೆ ಹೋಗಿ ಬರಬೇಕು. “ಜಾಗಾ ನಂದು. ಅದರಾಗ ಯಾರು ಕುಂದರತಾರ ಅನ್ನೂದು ನನಗೂ ತಿಳೀಬೇಕಲ್ಲ? ಯಾರ ಪೈಪು ಹಾಕಿ ಮ್ಹೈಸಾಳ ಮುಟ್ಟಿ ಬರತೇನಿ, ಅಂವ ಮಿರಜದಾಗ ಕುಂದರಲಿ.” ಬಾಳಾಸಾಹೇಬರು ಮರಾಠಿಯಲ್ಲಿ ನಕ್ಕು ಒಪ್ಪಿದರು. ಪಾಯಪ್ಪ ಪೈಪಿನ ಸೀಳನ್ನು ಉಗುರಿನಿಂದ ಮುಟ್ಟಿ ನೋಡುತ್ತಿದ್ದ.

ಗುರಲಿಂಗ ಆ ರಾತ್ರಿ ಫೈನಲ್ ಪಾಸಾದ ತಲೆಯನ್ನೆಲ್ಲ ಉಪಯೋಗಿಸಿದ. ಪೈಪು ಸೀಳುವುದು ಯಾಕೆ? ಗಾಡಿ ನಡುಗುತ್ತದೆ, ತಾಮ್ರ ಬಗ್ಗಿ ಬಗ್ಗಿ ದಣಿಯುತ್ತದೆ. ಬಗ್ಗಿದರೂ ದಣಿಯದ ವಸ್ತು ಯಾವುದು? ರಬ್ಬರು. ತರ್ಕ ಚೊಕ್ಕವಾಗಿತ್ತು. ಮರುದಿನ ಮಿರಜದ ಒಬ್ಬ ಕಂಪೌಂಡರ್ ಗೆಳೆಯನನ್ನು ಹಿಡಿದು ಒಂದು ಮಾರು ಕೆಂಪು ರಬ್ಬರಿನ ಪೈಪು ತಂದ. ಅದು ಎನಿಮಾ ಕೊಡುವ ಪೈಪು ಎಂಬುದನ್ನು ಹೇಳುವ ಅವಶ್ಯಕತೆ ಅವನಿಗೆ ಕಾಣಲಿಲ್ಲ. ಬಾಳಾಸಾಹೇಬರ ಮುಂದೆ ಅದನ್ನು ಗಂಟು ಹಾಕಿ ಬಿಚ್ಚಿ, ಜಗ್ಗಿ ಬಿಟ್ಟು, ನೋಡಿ ಮಾಲಕ, ಇದು ಸೀಳುವ ಮಾತೇ ಇಲ್ಲ ಎಂದು ಜಾತ್ರೆಯಲ್ಲಿ ಔಷಧ ಮಾರುವವನ ಹಾಗೆ ಹೇಳಿದ. ಬಾಳಾಸಾಹೇಬರ ಮುಖ ಅರಳಿತು. ಹತ್ತು ನಿಮಿಷದ ಕೆಲಸ, ಬೆಸುಗೆಯಿಲ್ಲ, ಭಟ್ಟಿಯಿಲ್ಲ. ಪಾಯಪ್ಪ ಏನಂತಾನೆ ಎಂದು ಅವನ ಕಡೆ ತಿರುಗಿದರು. ಯಾವಾಗಲೂ ಕೊನೆಗೆ ಅವನ ಕಡೆ ತಿರುಗುತ್ತಿದ್ದರು.

ಪಾಯಪ್ಪ ಪಕ್ಕಕ್ಕೆ ಬಿದ್ದಿದ್ದ ಹಳೇ ಎಣ್ಣೆ ಇಂಜಿನ್ನಿನ ಒಂದು ತಾಮ್ರದ ಪೈಪನ್ನು ಒರೆಸುತ್ತಿದ್ದ. ತಾಮ್ರವೇ ಸರಿ, ಆದರೆ ಅದಕ್ಕೆ ಮಧ್ಯದಲ್ಲಿ ಒಂದು ಸುತ್ತು ಬೇಕು, ಗಾಡಿಯ ನಡುಕವನ್ನು ಆ ಸುತ್ತು ನುಂಗುತ್ತದೆ, ಹಳೇ ಪೈಪಿನಲ್ಲಿ ಆ ಸುತ್ತನ್ನು ಯಾರೋ ಬೆಸುಗೆ ಹಾಕುವಾಗ ಬಿಚ್ಚಿ ನೆಟ್ಟಗೆ ಮಾಡಿಟ್ಟಿದ್ದಾರೆ, ಸೀಳಿದ್ದು ಅದಕ್ಕೇ ಎಂದು ಎರಡು ಮಾತಿನಲ್ಲಿ ಹೇಳಿದ. ರಬ್ಬರಿಗೇನಾಗಿದೆ ಎಂದು ಬಾಳಾಸಾಹೇಬರು ಕೇಳಿದಾಗ ಅವನು ಕತ್ತರಿ ತೆಗೆದುಕೊಂಡು ಕೆಂಪು ಪೈಪಿನ ತುದಿಯಿಂದ ಅರ್ಧ ಬೆರಳು ತುಂಡು ಕತ್ತರಿಸಿದ. ಒಂದು ಔಷಧಿಯ ಬಾಟ್ಲಿಯಲ್ಲಿ ನಾಲ್ಕು ಚಮಚೆ ಪೆಟ್ರೋಲು ಸೋಸಿ ಹಾಕಿ, ತುಂಡನ್ನು ಅದರಲ್ಲಿ ಬಿಟ್ಟು, ಬಿರಡೆ ಹಾಕಿ ಮೇಲಿನ ಹಲಗೆಯ ಮೇಲಿಟ್ಟ.

“ನಾ ಹೇಳಿದರ ನನ್ನ ಮಾತಾಗತೈತಿ. ನಾಳೆ ಮುಂಜಾನೆ ಬಾಟ್ಲಿ ಹೇಳಲಿ,” ಎಂದ. ಹೊತ್ತು ಐದಾಗಿತ್ತು. ಕೈ ತೊಳೆದು ಸೈಕಲ್ ಹತ್ತಿ ಹೋದ.

ಅವನು ಯಾವಾಗಲೂ ಹೀಗೇ. ಯಾರೊಡನೆಯೂ ವಾದಿಸುತ್ತಿರಲಿಲ್ಲ. ಎಣ್ಣೆ ಚಲೋದೋ ಅಲ್ಲವೋ ಎಂದರೆ ಒಂದು ಹನಿ ಕಾಗದದ ಮೇಲೆ ಹಾಕಿ ಬಿಸಿಲಿಗಿಟ್ಟು ಹೋಗುವನು. ಇಂಜಿನ್ನಿನಲ್ಲಿ ಏನು ಸದ್ದು ಎಂದರೆ ಕೋಲಿನ ಒಂದು ತುದಿಯನ್ನು ಅದಕ್ಕೆ ತಾಗಿಸಿ, ಇನ್ನೊಂದು ತುದಿಯನ್ನು ನಿಮ್ಮ ಕಿವಿಗೇ ಹಚ್ಚುವನು. ಜನ ಸೋತು ತಾವಾಗೇ ಒಪ್ಪುತ್ತಿದ್ದರು, ಒಪ್ಪಿ ಮತ್ತೊಂದು ‘ರಿ’ ಹಚ್ಚುತ್ತಿದ್ದರು.

ಅಂಗಡಿಯ ಬಾಗಿಲು ತೆರೆಯುವ ಕೆಲಸ ಗುರಲಿಂಗನದು. ಮರುದಿನ ಬೆಳಿಗ್ಗೆ ಕೀಲಿ ತೆಗೆದವನೇ ಪೊರಕೆಗೂ ಮೊದಲು ಬಾಟ್ಲಿಗೆ ಕೈ ಹಾಕಿದ. ತುಂಡು ನೆನೆಹಾಕಿದ ಕಡಲೆಯ ಹಾಗೆ ಉಬ್ಬಿ ಎರಡರಷ್ಟಾಗಿತ್ತು. ಪೆಟ್ರೋಲು ಕುಂಕುಮದ ನೀರಿನ ಬಣ್ಣಕ್ಕೆ ತಿರುಗಿತ್ತು. ಹೊರಗೆ ತೆಗೆದು ಹಿಸುಕಿದರೆ ಬೆರಳ ನಡುವೆ ಹಲ್ವದಂತೆ ಹರಿಯಿತು. ಬಾಟ್ಲಿ ಹೇಳಬೇಕಾದ್ದನ್ನೆಲ್ಲ ಹೇಳಿತ್ತು.

ಗುರಲಿಂಗ ಅಲ್ಲಿಯೇ ನಿಂತ. ಮಿರಜದ ಹಲಗೆ ಕಣ್ಣ ಮುಂದೆ ಬಂತು, ಅದರ ಮೇಲಿನ ಹೆಸರಿನ ಅಕ್ಷರಗಳು ಉಬ್ಬಿ ಹರಿಯತೊಡಗಿದವು. ಮುಂದೆ ಅವನು ಮಾಡಿದ್ದನ್ನು ಅವನ ಕೈಗಳು ಮಾಡಿದವು ಎಂದು ಅವನು ಎಷ್ಟೋ ದಿನ ತನಗೆ ತಾನೇ ಹೇಳಿಕೊಂಡ. ಕೈಗಳಿಗೆ ಅಷ್ಟು ಬುದ್ಧಿಯಿರುವುದಿಲ್ಲ. ಉಬ್ಬಿದ ತುಂಡನ್ನು ಗಟಾರಕ್ಕೆ ಎಸೆದ, ಬಾಟ್ಲಿ ತೊಳೆದ, ಕೂಪನ್ನಿನ ಪೆಟ್ರೋಲಿನಿಂದ ನಾಲ್ಕು ಚಮಚೆ ಹಾಕಿ, ಅಷ್ಟೇ ಉದ್ದದ ಹೊಸ ತುಂಡು ಕತ್ತರಿಸಿ ಒಳಗೆ ಬಿಟ್ಟು, ಬಿರಡೆ ಹಾಕಿ ಇದ್ದ ಜಾಗಕ್ಕಿಟ್ಟ. ಆಮೇಲೆ ಎಂದೂ ಇಲ್ಲದ ಶ್ರದ್ಧೆಯಿಂದ ನೆಲ ಗುಡಿಸಿದ.

ಅರ್ಧ ಗಂಟೆಯಲ್ಲಿ ಬಾಳಾಸಾಹೇಬರು ಬಂದರು. ಬಾಟ್ಲಿ ತೆಗೆದು ಬೆಳಕಿಗೆ ಹಿಡಿದರು. ಸ್ವಚ್ಛ ಪೆಟ್ರೋಲು, ನೆಟ್ಟಗಿನ ತುಂಡು. ರಾತ್ರಿಯೆಲ್ಲ ಇದ್ದರೂ ಏನೂ ಆಗಿಲ್ಲವಲ್ಲ ಎಂದು ಖುಷಿಪಟ್ಟು ಗುರಲಿಂಗನ ಬೆನ್ನು ಚಪ್ಪರಿಸಿದರು. ಎರಡು ವರ್ಷದಲ್ಲಿ ಅದು ಮೊದಲನೆಯ ಚಪ್ಪರಿಕೆ. ಬೆನ್ನಿಗೆ ಹಿತವಾಯಿತು, ಹೊಟ್ಟೆಗೆ ಆಗಲಿಲ್ಲ.

ಪಾಯಪ್ಪ ಬಂದ. ಸೈಕಲ್ಲನ್ನು ಗೋಡೆಗೆ ಒರಗಿಸಿ, ಬಾಟ್ಲಿ ಕೈಗೆ ತೆಗೆದುಕೊಂಡು ಬಾಗಿಲಿಗೆ ಹೋಗಿ ಬಿಸಿಲಿಗೆ ಹಿಡಿದ. ಬಹಳ ಹೊತ್ತು ನೋಡಿದ. ಅವನು ಕತ್ತರಿಸಿದ ತುಂಡಿನ ತುದಿ ಓರೆಯಾಗಿತ್ತು, ಇದರ ಎರಡೂ ತುದಿ ನೇರವಾಗಿದ್ದವು ಎಂಬುದು ಗುರಲಿಂಗನಿಗೆ ಆಗ ಹೊಳೆಯಿತು, ಹೊಳೆದ ಮೇಲೆ ಕಿವಿ ಬಿಸಿಯಾಯಿತು. ಪಾಯಪ್ಪ ಬಿರಡೆ ತೆಗೆದು ಮೂಸಿದ. ಬಾಟ್ಲಿಯನ್ನು ಹಲಗೆಯ ಮೇಲಿಟ್ಟ.

“ಆತು,” ಎಂದ. “ರಬ್ಬರ್ ಹಾಕ್ರಿ.”

ಅಷ್ಟೇ. ಗುರಲಿಂಗ ಮಧ್ಯಾಹ್ನ ಕೆಂಪು ಪೈಪನ್ನು ಮುದುಕಿಗೆ ತೊಡಿಸಿದ, ಎರಡೂ ತುದಿಗೆ ತಂತಿ ಬಿಗಿದ, ನಲ್ಲಿ ತೆರೆದ. ಒಂದು ಹನಿ ಸೋರಲಿಲ್ಲ. ಅತ್ತ ಪಾಯಪ್ಪ ಯಾರೂ ಹೇಳದೇ ಇದ್ದರೂ ತನ್ನ ತಾಮ್ರದ ಕೆಲಸ ನಿಲ್ಲಿಸಲಿಲ್ಲ. ಪೈಪನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿ ಮೆತ್ತಗೆ ಮಾಡಿದ, ಅದರ ತುಂಬ ಒಣ ಮರಳು ಜಡಿದು ಎರಡೂ ಬಾಯಿಗೆ ಮರದ ಗೂಟ ಹೊಡೆದ. ಮನೆಯಿಂದ ಹೆಂಡತಿ ಮಾಣಿಕಬಾಯಿಯ ಲಟ್ಟಣಿಗೆ ತಂದಿದ್ದ, ಅದರ ಸುತ್ತ ತಾಮ್ರವನ್ನು ಬಳ್ಳಿಯ ಹಾಗೆ ಒಂದು ಸುತ್ತು ಬಳಸಿದ. ಎಲ್ಲೂ ಮಡಿಕೆ ಬೀಳಲಿಲ್ಲ. ಈ ಮನುಷ್ಯನಿಗೆ ಸೋಲುವುದೂ ಗೊತ್ತಿಲ್ಲವಲ್ಲ ಎಂದು ಗುರಲಿಂಗ ಓರೆಗಣ್ಣಿನಿಂದ ನೋಡುತ್ತ ಹಲ್ಲು ಕಡಿದ. ಆ ಸುತ್ತು ನೋಡಲು ಚೆಂದವಿತ್ತು, ಅದೇ ತೊಂದರೆ. ಐದಕ್ಕೆ ಹೋಗುವಾಗ ಪಾಯಪ್ಪ, ನಾಳೆ ಶುಕ್ರವಾರ ಪೈಪಿನ ತುದಿಗೆ ಬೆಸುಗೆ ಹಾಕಿಸಲು ಮಿರಜದಲ್ಲಿ ಹಂಡೆ ಬಡಿಯುವ ತಾಂಬಟರ ಹತ್ತಿರ ಹೋಗುತ್ತೇನೆಂದು ಬಾಳಾಸಾಹೇಬರಿಂದ ರಜೆ ಕೇಳಿದ. ಬಾಗಿಲಲ್ಲಿ ಗುರಲಿಂಗನ ಹತ್ತಿರ ಒಂದು ಕ್ಷಣ ನಿಂತ.

“ಪೆಟ್ರೋಲ್ ವಾಸನಿ ಬಂತಂದ್ರ ಮೊದಲ ನಲ್ಲಿ ಬಂದ್ ಮಾಡು. ಆಮ್ಯಾಲ ಉಳಿದದ್ದು.”

ಹಿರೇತನದ ಉಪದೇಶ ಎಂದುಕೊಂಡು ಗುರಲಿಂಗ ತಲೆಯಾಡಿಸಿದ.

ಗಿರಾಕಿಗಳಿಗೆ ಗಾಡಿ ಮುಟ್ಟಿಸುವ ಕೆಲಸ ಯಾವಾಗಲೂ ಗುರಲಿಂಗನದು. ಶುಕ್ರವಾರ ಅವನು ಮುದುಕಿಯನ್ನು ಮಿರಜಕ್ಕೆ ಹೊಡೆದುಕೊಂಡು ಹೋದಾಗ ದಾರಿಯೆಲ್ಲ ಅವಳು ಹಾಡಿಕೊಂಡೇ ಬಂದಳು. ನಾಕಾದವರು ಏಳಲೂ ಇಲ್ಲ, ಕೈ ಬೀಸಿದರು. ಸ್ಟೇಷನ್ ರಸ್ತೆಯಲ್ಲಿ ಆ ಗೋದಾಮಿನ ಮುಂದೆ ಸ್ವಲ್ಪ ನಿಧಾನ ಮಾಡಿ ಹಲಗೆ ಯಾವ ಎತ್ತರಕ್ಕಿರಬೇಕೆಂದು ನೋಡಿಕೊಂಡ. ಶಿವಲಿಂಗಪ್ಪನವರು ಬಿಳೀ ಧೋತರ, ಹೊಸ ರುಮಾಲಿನಲ್ಲಿ ಹಿಂದೆ ಹತ್ತಿ ಕೂತರು. ಪೈಪು ಗಟ್ಟಿ ಐತೇನಪಾ ಎಂದು ಕೇಳಿದರು. ತಾನು ಖುದ್ದಾಗಿ ಆರಿಸಿದ್ದು ಎಂದು ಗುರಲಿಂಗ ಹೇಳಿದ. ಆ ಮಾತನ್ನು ಹೇಳದೇ ಇದ್ದರೂ ನಡೆಯುತ್ತಿತ್ತು.

ಮಿರಜ ದಾಟಿ ಎರಡು ಮೈಲಿ. ಎರಡೂ ಕಡೆ ಕಬ್ಬು. ಮುದುಕಿ ಒಮ್ಮೆ ಕೆಮ್ಮಿದಳು, ಎರಡನೆಯ ಸಲ ಕೆಮ್ಮಿದಳು, ಆಮೇಲೆ ಎದೆ ಹಿಡಿದುಕೊಂಡಂತೆ ನಿಂತುಬಿಟ್ಟಳು. ವಾಸನೆ ಬಂತು. ಗುರಲಿಂಗ ಮೊದಲು ನಲ್ಲಿ ಬಂದ್ ಮಾಡಿದ. ಅವನ ಜೀವಮಾನದಲ್ಲಿ ಪಾಯಪ್ಪನ ಮಾತನ್ನು ಕೂಡಲೇ ಕೇಳಿದ್ದು ಅದೊಂದೇ ಸಲ. ಕೆಳಗಿಳಿದು ನೋಡಿದರೆ ಕೆಂಪು ಪೈಪು ಊಟ ಮಾಡಿ ಮಲಗಿದ ಹಾವಿನಂತೆ ಉಬ್ಬಿ, ಕೆಳಗಿನ ತಂತಿಯಿಂದ ಜಾರಿ, ಬಾಯಿ ತೆರೆದು ನೇತಾಡುತ್ತಿತ್ತು. ಶಿವಲಿಂಗಪ್ಪನವರ ಧೋತರದ ಮೊಣಕಾಲಿನಿಂದ ಕೆಳಗೆಲ್ಲ ಕುಂಕುಮದ ಬಣ್ಣ. ಏನಾದರೂ ಮಾಡುತ್ತಿದ್ದೇನೆಂದು ತೋರಿಸಲು ಗುರಲಿಂಗ ಪೈಪಿಗೆ ಬಾಯಿ ಹಚ್ಚಿ ಊದಿದ. ಬಾಯಿ ತುಂಬ ಪೆಟ್ರೋಲು, ರಬ್ಬರಿನ ಚೂರು. ಆ ಪೈಪಿನ ಮೂಲ ಉದ್ಯೋಗ ಏನೆಂಬುದು ಆಗ ನೆನಪಾಗಿ ಕಬ್ಬಿನ ಬದುವಿಗೆ ಹೋಗಿ ಎಲ್ಲವನ್ನೂ ಕಾರಿದ.

ಅವನು ಬಾಯಿ ಒರೆಸಿಕೊಂಡು ತಲೆಯೆತ್ತಿದಾಗ ಮಿರಜದ ಕಡೆಯಿಂದ ಒಂದು ಸೈಕಲ್ಲು ಬರುತ್ತಿತ್ತು. ಸೊಂಟ ನೆಟ್ಟಗೆ, ಎರಡೂ ಕಾಲು ಒಂದೇ ತೂಕದಲ್ಲಿ.

ಪಾಯಪ್ಪ ಇಳಿದ. ಶಿವಲಿಂಗಪ್ಪನವರಿಗೆ ಕೈ ಮುಗಿದ, ಗುರಲಿಂಗನ ಕಡೆ ನೋಡಲಿಲ್ಲ. ಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದು ಬಿಚ್ಚಿದ. ತಾಮ್ರದ ಪೈಪು, ನಡುವೆ ಆ ಸುತ್ತು, ಎರಡೂ ತುದಿಗೆ ಹೊಸ ಬೆಸುಗೆ, ಇನ್ನೂ ಬೆಚ್ಚಗಿತ್ತೋ ಏನೋ. ಕಾರ್ಬೋರೇಟರ್ ಬಿಚ್ಚಿ ಕೆಂಪು ಲೋಳೆಯನ್ನು ಒರೆಸಿದ, ಊದಿದ, ಜೋಡಿಸಿದ. ಎರಡು ಪಾನಾ, ಎರಡು ನಟ್ಟು. ನಲ್ಲಿ ತೆರೆದು ಎರಡೂ ಜೋಡಣೆಯ ಕೆಳಗೆ ತನ್ನ ಅಂಗೈ ಹಿಡಿದು ನಿಂತ. ಅಂಗೈ ಒಣಗೇ ಇತ್ತು. ಮೊದಲನೆಯ ಒದೆತಕ್ಕೆ ಮುದುಕಿ ಎದ್ದಳು.

ಶಿವಲಿಂಗಪ್ಪನವರು ಧೋತರದ ಕೆಂಪು ಕಲೆಯನ್ನು ನೋಡಿಕೊಂಡರು. ಈಗ ಕೇಳಿದರು: ಇಂಥಾ ಕೆಟ್ಟ ರಬ್ಬರು ಆರಿಸಿದವರು ಯಾರು? ಆರಿಸಿದವನು ತಾನೇ ಎಂದು ಗುರಲಿಂಗ ಬೆಳಿಗ್ಗೆಯಷ್ಟೇ ಕೊಚ್ಚಿಕೊಂಡಿದ್ದ. ಈಗ ನೆಲ ನೋಡಿದ. ಪಾಯಪ್ಪ ಪಾನಾ ಒರೆಸುತ್ತ, ಅಂಗಡಿಯಲ್ಲಿ ಎಲ್ಲರೂ ನೋಡಿಯೇ ಹಾಕಿದ್ದು, ಹಾಕಿ ಅಂದವನು ತಾನೇ ಎಂದ. ಶಿವಲಿಂಗಪ್ಪನವರು ಅವನನ್ನು ಕಾಲಿಂದ ತಲೆಯವರೆಗೆ ನೋಡಿದರು.

“ಪಾಯಪ್ಪಾ, ಮಿರಜದಾಗ ಯಾವಾಗ ಬಂದು ಕುಂದರತೀರಿ?”

ಪಾಯಪ್ಪ ಮುದುಕಿಯನ್ನು ಹತ್ತಿದ, ಸಾವುಕಾರರು ಹಿಂದೆ ಕೂತರು, ಮ್ಹೈಸಾಳದ ಕಡೆ ಧೂಳೆದ್ದಿತು. ಗುರಲಿಂಗನಿಗೆ ಉಳಿದದ್ದು ಪಾಯಪ್ಪನ ಸೈಕಲ್ಲು. ಅದರ ಸೀಟು ಅವನಿಗೆ ಎತ್ತರವಾಗುತ್ತಿತ್ತು. ಎಂಟು ಮೈಲಿ ಅವನು ನಿಂತೇ ತುಳಿದ.

ಮೊದಲಾಗಿದ್ದರೆ ಅವನು ಕುದ್ದು ಹೋಗುತ್ತಿದ್ದ. ಆದರೆ ಈ ಸಲ ಹೊಟ್ಟೆಕಿಚ್ಚಿಗೂ ಹೊಸ ರೂಪ ಬಂತು. ಕೈಚಳಕದ ಮೇಲೆ ಅಸೂಯೆ ಪಡುವುದು ಸುಲಭ, ಕಲಿತರೆ ನಮಗೂ ಬಂದೀತು. ಒಳ್ಳೆಯತನದ ಮೇಲೆ ಅಸೂಯೆ ಪಟ್ಟವನು ಎಲ್ಲಿಗೆ ಹೋಗಬೇಕು? ಪಾಯಪ್ಪ ಬಾಟ್ಲಿಯ ಕಳ್ಳತನ ಗೊತ್ತಿದ್ದೂ ಬಾಯಿ ಬಿಡಲಿಲ್ಲ. ನಡುದಾರಿಯಲ್ಲಿ ತಪ್ಪನ್ನು ತನ್ನ ಮೇಲೆ ಹಾಕಿಕೊಂಡ. ಇದು ಕ್ಷಮೆ, ಜೈನರ ದೊಡ್ಡ ಗುಣ ಎಂದು ಗುರಲಿಂಗ ತಿಂಗಳುಗಟ್ಟಲೆ ಮನಸ್ಸಿನಲ್ಲಿ ಪಾಯಪ್ಪನಿಗೆ ಒಂದು ಪೀಠ ಕಟ್ಟಿದ, ಕಟ್ಟುತ್ತ ಕಟ್ಟುತ್ತ ಅದನ್ನೂ ಹೊಟ್ಟೆ ಉರಿದುಕೊಂಡೇ ಕಟ್ಟಿದ. ಅವ್ವ ಸ್ಟೋವಿನ ಮುಂದೆ ಪಾಯಪ್ಪನ ಹೆಸರೆತ್ತಿದರೆ, ಹೌದು, ಅಂಥ ಮನುಷ್ಯ ಸಿಗುವುದಿಲ್ಲ ಎಂದು ತಾನೇ ಹೇಳಿ ಎದ್ದು ಹೋಗುತ್ತಿದ್ದ.

ಮಿರಜದ ಅಂಗಡಿ ತೆರೆಯಿತು. ಹಲಗೆ ಬಂತು, ಹೆಸರು ಬಂತು. ಮೂರು ತಿಂಗಳ ಮೇಲೆ ಬಾಳಾಸಾಹೇಬರು ಒಂದು ಪೆಟ್ಟಿಗೆ ನಟ್ಟು-ಬೋಲ್ಟು ಕೊಟ್ಟು ಗುರಲಿಂಗನನ್ನು ಅಲ್ಲಿಗೆ ಕಳಿಸಿದರು. ನಾಲ್ಕೂವರೆಯ ಹೊತ್ತು. ಪಾಯಪ್ಪ ಗೋದಾಮಿನ ನೆರಳಿನಲ್ಲಿ ಕೂತು ಭಕ್ಕರಿ, ಶೇಂಗಾ ಚಟ್ನಿ ತಿನ್ನುತ್ತಿದ್ದ. ಈಗ ಸಮಡೋಳಿಗೆ ಹೋಗಿ ಉಣ್ಣುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು, ಅದಕ್ಕೆ ಮಾಣಿಕಬಾಯಿ ಎರಡೂ ಹೊತ್ತಿನದನ್ನು ಕಟ್ಟಿಕೊಡುತ್ತಿದ್ದಳು. ಬಾ ಎಂದು ಅರ್ಧ ಭಕ್ಕರಿ ಮುರಿದು ಕೊಟ್ಟ. ಒಳಗೆ ಇಬ್ಬರು ಗಿರಾಕಿಗಳು ಮೇಸ್ತ್ರಿಗಳ ಊಟ ಮುಗಿಯಲಿ ಎಂದು ಕಾಯುತ್ತ ಕೂತಿದ್ದರು.

ಮೂರು ತಿಂಗಳಿಂದ ಹೊತ್ತು ತಿರುಗಿದ್ದನ್ನು ಇಳಿಸಿಬಿಡಬೇಕೆಂದು, ಅವನ ಕ್ಷಮೆಯನ್ನು ಅವನ ಬಾಯಿಂದಲೇ ಕೇಳಿ ಒಮ್ಮೆ ಅತ್ತು ಹಗುರಾಗಬೇಕೆಂದು ಗುರಲಿಂಗ ಧೈರ್ಯ ಮಾಡಿದ.

“ಪಾಯಪ್ಪಣ್ಣಾ, ಅವತ್ತು ಬಾಟ್ಲ್ಯಾಗಿನ ತುಂಡು ನಾ ಬದಲಿ ಮಾಡಿದ್ದು ನಿಮಗ ಗೊತ್ತಾಗಿತ್ತಲ್ರಿ. ಆಗಿಂದಾಗ ಮಾಲಕರ ಮುಂದ ಯಾಕ ಹೇಳಲಿಲ್ಲರಿ?”

ಪಾಯಪ್ಪ ಬಾಯೊಳಗಿನ ತುತ್ತನ್ನು ಪೂರಾ ಅಗಿದು ನುಂಗಿದ. ತಂಬಿಗೆಯ ನೀರು ಕುಡಿದ. ಕೈ ತೊಳೆದು, ಹೆಗಲ ಮೇಲಿನ ಪಂಚೆಗೆ ಒರೆಸಿಕೊಂಡ.

“ಹೇಳಿದ್ದರ ಅವರು ನಿನಗ ಎರಡು ಬೈದು ಬಿಡತಿದ್ದರು, ತಾಮ್ರಾ ಹಾಕಿದ ಗಾಡಿ ನೀನ ಹೊಡಕೊಂಡು ಹೋಗಿ, ಸಾವುಕಾರರ ಮುಂದ ಪೈಪು ನಂದ ಅಂತಿದ್ದಿ. ನನಗೂ ಈ ಅಂಗಡಿ ಬೇಕಾಗಿತ್ತು.”